ಮುಂದಿನ ಭಾಗ ಯಾರಿಗೆ ಬೇಕು?

2025ರ ಜೂನ್ ತಿಂಗಳಲ್ಲಿ ಒಂದು ಪೋಸ್ಟರ್ ಬಂತು. ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಮತ್ತು ಕ್ಲೀಮ್ ಪ್ರೊಡಕ್ಷನ್ಸ್ ಸೇರಿ ಬಿಟ್ಟದ್ದು. ಒಂದೇ ಪ್ರಕಟಣೆಯಲ್ಲಿ ಏಳು ಅನಿಮೇಷನ್ ಸಿನಿಮಾ, ಏಳು ಇಸವಿ. 2025ಕ್ಕೆ ಮಹಾವತಾರ ನರಸಿಂಹ, 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, 2031ಕ್ಕೆ ದ್ವಾರಕಾಧೀಶ, 2033ಕ್ಕೆ ಗೋಕುಲಾನಂದ, ಆಮೇಲೆ 2035 ಮತ್ತು 2037ಕ್ಕೆ ಕಲ್ಕಿ ಎರಡು ಭಾಗ.

ಎರಡೆರಡು ವರ್ಷಕ್ಕೊಂದು! ನಾನು ಅಲೆವೂರಿನವನು. ಎರಡು ವರ್ಷಕ್ಕೊಮ್ಮೆ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಉಡುಪಿಯ ಪರ್ಯಾಯ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ, ಹದಿನಾರು ವರ್ಷಕ್ಕೆ ಒಂದು ಸುತ್ತು. ಈ ಸಲ ಯಾರ ಪರ್ಯಾಯ, ಮುಂದಿನ ಸಲ ಯಾರದ್ದು ಅಂತ ನಮ್ಮೂರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಹೇಳುತ್ತಾರೆ. ಅದು ದೇವರ ಪೂಜೆಯ ಸರದಿ, ಸರಿ. ಸಿನಿಮಾಕ್ಕೂ ಹೀಗೆ ಹನ್ನೆರಡು ವರ್ಷದ ಪಂಚಾಂಗ ಹಾಕಿ ಕೂತರೆ ಏನು ಹೇಳೋಣ? 2037ರ ಸಿನಿಮಾವನ್ನು ನೋಡಬೇಕಾದ ಮಕ್ಕಳು ಇನ್ನೂ ಹುಟ್ಟೇ ಇಲ್ಲ, ವೀಕ್ಷಕರೇ.

ಅದೇ ವರ್ಷ ಜುಲೈ 25ಕ್ಕೆ ಮೊದಲ ಸಿನಿಮಾ ತೆರೆಗೆ ಬಂತು. ನಿರ್ದೇಶಕ ಅಶ್ವಿನ್ ಕುಮಾರ್. ಸ್ಟಾರ್ ಇಲ್ಲ, ಹಾಡಿನ ಅಬ್ಬರ ಇಲ್ಲ. ಮೊದಲ ದಿನ ದೇಶದಲ್ಲೆಲ್ಲ ಸೇರಿ ಎರಡು ಕೋಟಿಯೂ ಆಗಲಿಲ್ಲ ಎಂದು ವರದಿಯಾಯಿತು. ಆಮೇಲೆ ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮಕ್ಕಳನ್ನು ಕರಕೊಂಡು ಹೋದರು, ಅಜ್ಜಿಯಂದಿರು ಚಪ್ಪಲಿ ಬಿಚ್ಚಿಟ್ಟು ಥಿಯೇಟರಿನೊಳಗೆ ಕೈಮುಗಿದ ವಿಡಿಯೋಗಳು ಬಂದವು. ಖರ್ಚಿನ ಬಗ್ಗೆ ಹೆಚ್ಚು ಹೇಳಿದವರ ಲೆಕ್ಕದಲ್ಲೂ ಅದು 40 ಕೋಟಿಯ ಆಸುಪಾಸು. ಗಳಿಕೆ 300 ಕೋಟಿ ದಾಟಿತು. ಭಾರತದ ಅನಿಮೇಷನ್ ಸಿನಿಮಾಗಳಲ್ಲಿ ಇದಕ್ಕೆ ಹತ್ತಿರ ಬರುವ ಇನ್ನೊಂದು ಲೆಕ್ಕ ಇಲ್ಲ.

ಅಲ್ಲಿಂದ ಜನ ನನ್ನನ್ನು ಕೇಳಲು ಶುರು ಮಾಡಿದರು. ಅನಿಮೇಷನ್ ಸಿನಿಮಾ ಒಂದು ಗೆದ್ದರೆ ಸಾಕು, ಎರಡನೆಯದು, ಮೂರನೆಯದು, ಐದನೆಯದು ಅಂತ ಬರುತ್ತಲೇ ಇರುತ್ತದಲ್ಲ, ಇದೆಲ್ಲ ಬೇಕಾ? ನಾವು ಪ್ರೀತಿಸಿದ ಸಿನಿಮಾವನ್ನು ಅದರ ಪಾಡಿಗೆ ಬಿಡಬಾರದಾ?

ಪ್ರಶ್ನೆ ಸಣ್ಣದಲ್ಲ. ಇದರಲ್ಲಿ ನಮ್ಮ ಮಕ್ಕಳ ವಿಷಯ ಇದೆ, ಬೆಂಗಳೂರಿನ ಸಾವಿರಾರು ಹುಡುಗ ಹುಡುಗಿಯರ ಸಂಬಳದ ವಿಷಯ ಇದೆ, ಕನ್ನಡದ ವಿಷಯವೂ ಇದೆ. ಒಂದೊಂದಾಗಿ ಬಿಡಿಸೋಣ.

ಮೊದಲು ದುಡ್ಡು. ಅಮೆರಿಕದ ದೊಡ್ಡ ಸ್ಟುಡಿಯೋಗಳು ಏಕೆ ಮುಂದಿನ ಭಾಗದ ಹಿಂದೆ ಬಿದ್ದಿವೆ ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದಿದೆ: ಗೊಂಬೆ ಹೇಗೂ ತಯಾರಿದೆ, ಅದನ್ನೇ ಮತ್ತೆ ಕುಣಿಸಿದರಾಯ್ತು, ಖರ್ಚು ಕಡಿಮೆ. ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ಇಂಜಿನಿಯರಿಂಗ್ ಓದಿ, ದಾರಿ ತಪ್ಪಿ ಕ್ಯಾಮೆರಾ ಮುಂದೆ ಬಂದು ಕೂತವನು ನಾನು. ನನಗೆ ಇದು ಅಷ್ಟು ಸರಳ ಅಲ್ಲ ಅಂತ ಗೊತ್ತು.

ಕಂಪ್ಯೂಟರ್ ಅನಿಮೇಷನ್‌ನಲ್ಲಿ ಪಾತ್ರವನ್ನು ಮೊದಲು ಮಣ್ಣಿನ ಗೊಂಬೆಯ ಹಾಗೆ ರೂಪಿಸುತ್ತಾರೆ. ಅದು ಮಾಡೆಲ್. ಆಮೇಲೆ ಅದರೊಳಗೆ ಎಲುಬು, ಕೀಲು, ದಾರಗಳನ್ನು ಕೂರಿಸುತ್ತಾರೆ, ತೊಗಲುಗೊಂಬೆಗೆ ಕಡ್ಡಿ ಸಿಕ್ಕಿಸಿದ ಹಾಗೆ. ಅದಕ್ಕೆ ರಿಗ್ ಅನ್ನುತ್ತಾರೆ. ಬಟ್ಟೆ, ಕೂದಲು, ಬೆಳಕು ಎಲ್ಲ ಸೇರಿಸಿ ಕೊನೆಗೆ ಕಂಪ್ಯೂಟರ್ ಒಂದೊಂದು ಚಿತ್ರವನ್ನೂ ಲೆಕ್ಕ ಹಾಕಿ ಬಿಡಿಸುತ್ತದೆ, ಅದು ರೆಂಡರ್. ಸೆಕೆಂಡಿಗೆ 24 ಚಿತ್ರ. ತೊಂಬತ್ತು ನಿಮಿಷದ ಸಿನಿಮಾಕ್ಕೆ 1,29,600 ಚಿತ್ರ. ಒಂದು ಚಿತ್ರ ರೆಂಡರ್ ಆಗಲು ಒಂದೇ ಕಂಪ್ಯೂಟರಿಗೆ ಹತ್ತು ಗಂಟೆ ಅಂತ ಇಟ್ಟುಕೊಳ್ಳಿ, ಪೂರ್ತಿ ಸಿನಿಮಾಕ್ಕೆ ಸುಮಾರು 148 ವರ್ಷ! ಅದಕ್ಕೇ ಸಾವಿರಾರು ಕಂಪ್ಯೂಟರುಗಳನ್ನು ಒಟ್ಟಿಗೆ ದುಡಿಸುವುದು.

ಹಾಗಾದರೆ ಹಳೆಯ ಗೊಂಬೆ ಮರುಬಳಕೆ ಆಗುತ್ತದಾ? ಟಾಯ್ ಸ್ಟೋರಿಯನ್ನೇ ನೋಡಿ. ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಜಗತ್ತಿನ ಮೊದಲ ಪೂರ್ಣಾವಧಿ ಸಿನಿಮಾ ಅದು, 1995ರದ್ದು. ಎರಡನೆಯದು 1999ಕ್ಕೆ. ಮೂರನೆಯದು ಬಂದದ್ದು 2010ಕ್ಕೆ. ಅಷ್ಟು ಹೊತ್ತಿಗೆ ಸಾಫ್ಟ್‌ವೇರ್ ಬದಲಾಗಿ ಹೋಗಿತ್ತು, ಹಳೆಯ ಫೈಲುಗಳು ಕೆಲಸಕ್ಕೆ ಬರಲಿಲ್ಲ, ವುಡಿಯನ್ನೂ ಬಜ್‌ನನ್ನೂ ಹೊಸದಾಗಿಯೇ ಕಟ್ಟಬೇಕಾಯಿತು. ನಿಮ್ಮ ಮನೆಯಲ್ಲೂ ಹಳೆ ಫ್ಲಾಪಿಯಲ್ಲಿ ಏನೋ ಇರುತ್ತದಲ್ಲ, ಹಾಗೆ. ಖರ್ಚು ನೋಡಿದರೆ, ಮೊದಲ ಭಾಗಕ್ಕೆ ಸುಮಾರು 3 ಕೋಟಿ ಡಾಲರ್ ಆಗಿತ್ತು, 2019ರ ನಾಲ್ಕನೆಯ ಭಾಗಕ್ಕೆ ಸುಮಾರು 20 ಕೋಟಿ ಡಾಲರ್. ಎಲ್ಲಿ ಉಳಿತಾಯ ಆಯ್ತು?

ಉಳಿತಾಯ ಆಗುವುದು ಬೇರೆ ಕಡೆ. ಮರುಬಳಕೆ ಆಗುವ ಗೊಂಬೆ ಸ್ಟುಡಿಯೋದ ಸರ್ವರಿನಲ್ಲಿ ಇರುವುದಿಲ್ಲ, ನಿಮ್ಮ ಮಗುವಿನ ತಲೆಯಲ್ಲಿ ಇರುತ್ತದೆ. ವುಡಿ ಯಾರು ಅಂತ ಹೊಸದಾಗಿ ಪರಿಚಯ ಮಾಡಿಸಬೇಕಾಗಿಲ್ಲ. ಎಲ್ಸಾ ಚಿತ್ರ ಇರುವ ಬ್ಯಾಗು, ನೀರಿನ ಬಾಟಲು, ಕಂಪಾಸು ಎಲ್ಲ ಶಾಲೆಯ ಬಾಗಿಲಲ್ಲೇ ಜಾಹೀರಾತು ಮಾಡುತ್ತಿವೆ. ಹೊಸ ಕಥೆ ಹೊತ್ತು ತಂದವರ ಗತಿ ಏನಾಯ್ತು ನೋಡಿ. ಪಿಕ್ಸಾರ್ 2025ರಲ್ಲಿ ಎಲಿಯೊ ಅಂತ ಹೊಸ ಕಥೆ ತಂದಿತು, ಆ ಕಂಪನಿಯ ಇತಿಹಾಸದಲ್ಲೇ ಅತಿ ಬಡ ಮೊದಲ ವಾರಾಂತ್ಯ ಅದರದ್ದು. ಅದಕ್ಕೆ ಒಂದೇ ವರ್ಷ ಮೊದಲು ಇನ್‌ಸೈಡ್ ಔಟ್‌ನ ಎರಡನೆಯ ಭಾಗ ಸುಮಾರು 170 ಕೋಟಿ ಡಾಲರ್ ಎತ್ತಿತ್ತು. ನೀವು ಆ ಕಂಪನಿಯ ಮ್ಯಾನೇಜರ್ ಆಗಿದ್ದರೆ ಯಾವುದಕ್ಕೆ ಸಹಿ ಹಾಕುತ್ತೀರಿ? ಟಾಯ್ ಸ್ಟೋರಿಯ ಐದನೆಯ ಭಾಗಕ್ಕೆ 2026ರ ಜೂನ್ ಅಂತ ದಿನ ಗೊತ್ತುಮಾಡಿದ್ದರಲ್ಲಿ ಆಶ್ಚರ್ಯ ಏನಿದೆ?

ಹಾಗೆ ನೋಡಿದರೆ ನಮ್ಮ ನ್ಯೂಸ್ ಚಾನೆಲ್ಲುಗಳೂ ಅದನ್ನೇ ಮಾಡುವುದು. ಒಂದು ಸುದ್ದಿ ಓಡಿತು ಅಂದರೆ ಅದರ ಎರಡನೆಯ ದಿನ, ಮೂರನೆಯ ದಿನ, ಹನ್ನೊಂದನೆಯ ದಿನ! ಇರಲಿ, ಅದು ಬೇರೆ ಕಥೆ.

ಈಗ ಮಕ್ಕಳ ಕಡೆ ಬರೋಣ. ಕಂಪನಿಯವರು ಯಾವಾಗಲೂ ಮಕ್ಕಳ ಹೆಸರು ಹೇಳುತ್ತಾರೆ, "ಮಕ್ಕಳು ಕೇಳುತ್ತಿದ್ದಾರೆ, ಅದಕ್ಕೇ ಮಾಡುತ್ತಿದ್ದೇವೆ." ಮಕ್ಕಳು ನಿಜಕ್ಕೂ ಏನು ಕೇಳುತ್ತಾರೆ? ನಮ್ಮ ಮನೆಯಲ್ಲಿ ಅಕ್ಕನ ಮಗಳಿದ್ದಾಳೆ, ಐದು ವರ್ಷ. ಮೊವಾನಾ ಸಿನಿಮಾವನ್ನು ಅವಳು ಎಷ್ಟು ಸಲ ನೋಡಿದ್ದಾಳೆ ಅಂತ ನನ್ನ ಅಮ್ಮ ಲೆಕ್ಕ ಬಿಟ್ಟಾಗಿದೆ. ಮುಗಿದ ಕೂಡಲೇ ಓಡಿ ಬಂದು ಹೇಳುವುದು ಒಂದೇ ಮಾತು: "ಮಾಮ, ಪುನಃ ಹಾಕು." ಎರಡನೆಯ ಭಾಗ ಬಂದಾಗ ಅವಳಪ್ಪ ಅದನ್ನೂ ಹಾಕಿ ತೋರಿಸಿದರು. ಪೂರ್ತಿ ನೋಡಿದಳು. ನೋಡಿ ಎದ್ದು ಬಂದು, "ಈಗ ನಂದು ಹಾಕು" ಅಂದಳು. ನಂದು ಅಂದರೆ ಮೊದಲನೆಯದು.

ಅವಳು ಕೇಳಿದ್ದು ಪುನಃ. ಕಂಪನಿ ಕೊಡುತ್ತಿರುವುದು ಮುಂದೆ. ಈ ಎರಡು ಶಬ್ದಗಳ ನಡುವೆ ಇರುವ ವ್ಯತ್ಯಾಸವನ್ನು ಕರಾವಳಿಯವರಿಗೆ ವಿವರಿಸುವ ಅಗತ್ಯವೇ ಇಲ್ಲ, ಯಾಕೆಂದರೆ ನಾವು ಆಟ ನೋಡಿ ಬೆಳೆದವರು.

ಕಟೀಲು ಮೇಳದವರ ದೇವಿ ಮಹಾತ್ಮೆಯ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ. ಯಾವ ಕಥೆಗೆ? ಎಲ್ಲರಿಗೂ ಗೊತ್ತಿರುವ ಕಥೆಗೆ. ನಡುರಾತ್ರಿಯ ಮೇಲೆ ಮಹಿಷಾಸುರ ರಂಗಸ್ಥಳದಿಂದ ಬರುವುದಿಲ್ಲ, ಜನರ ಹಿಂದಿನಿಂದ, ದೊಂದಿಯ ಬೆಂಕಿಯಲ್ಲಿ, ಆರ್ಭಟ ಮಾಡುತ್ತಾ ಬರುತ್ತಾನೆ. ಅವನು ಬರುತ್ತಾನೆ ಅಂತ ಗೊತ್ತು, ಎಲ್ಲಿಂದ ಬರುತ್ತಾನೆ ಅಂತಲೂ ಗೊತ್ತು, ಆದರೂ ಮಕ್ಕಳು ಪ್ರತಿ ಸಲ ಅಮ್ಮನ ಸೆರಗಿನೊಳಗೆ ಹೋಗುತ್ತಾರೆ. ಬೆಳಗಿನ ಜಾವಕ್ಕೆ ಶುಂಭ ನಿಶುಂಭರ ಕಥೆ ಮುಗಿದ ಮೇಲೆ ಯಾರೂ ಎದ್ದು ನಿಂತು, ಮುಂದಿನ ವರ್ಷ ಶುಂಭನ ಮಗನ ಪ್ರಸಂಗ ಆಡಿಸಿ ಅಂತ ಕೇಳಿದ್ದು ನಾನು ಕಾಣೆ. ಅದೇ ಕಥೆ, ಆದರೆ ಭಾಗವತರು ಬೇರೆ, ವೇಷಧಾರಿ ಬೇರೆ, ಆ ದಿನದ ಮಾತುಗಾರಿಕೆ ಬೇರೆ. ನಿನ್ನೆಯ ಹಿರಣ್ಯಕಶಿಪು ಹೇಳಿದ ಅರ್ಥ ಇವತ್ತಿನ ಹಿರಣ್ಯಕಶಿಪು ಹೇಳುವುದಿಲ್ಲ. ಕಥೆಯ ಕೊನೆ ಕದಲುವುದಿಲ್ಲ, ಒಳಗಿನ ಮಾತು ಮಾತ್ರ ಪ್ರತಿ ರಾತ್ರಿ ಹೊಸತು.

ಸೀಕ್ವೆಲ್ ಮಾಡುವವರು ಇದಕ್ಕೆ ಪೂರ್ತಿ ಉಲ್ಟಾ ಮಾಡಬೇಕಾಗುತ್ತದೆ. ಅವರು ಮೊದಲು ಕೈಹಾಕುವುದೇ ಹಿಂದಿನ ಕಥೆಯ ಕೊನೆಗೆ. ಎಲ್ಲರೂ ಸುಖವಾಗಿದ್ದರು ಅಂತ ಮುಗಿದದ್ದನ್ನು, ಇಲ್ಲ ಇಲ್ಲ ಸುಖವಾಗಿರಲಿಲ್ಲ ಅಂತ ಹೇಳದಿದ್ದರೆ ಅವರಿಗೆ ಕಥೆಯೇ ಇಲ್ಲ. 2010ರಲ್ಲಿ ಟಾಯ್ ಸ್ಟೋರಿ ಮೂರನೆಯ ಭಾಗ ಮುಗಿಯುವಾಗ, ಕಾಲೇಜಿಗೆ ಹೊರಟ ಹುಡುಗ ಆ್ಯಂಡಿ ತನ್ನ ಗೊಂಬೆಗಳನ್ನೆಲ್ಲ ಪುಟ್ಟ ಹುಡುಗಿ ಬಾನಿಗೆ ಕೊಟ್ಟು ಹೋಗುತ್ತಾನೆ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ನಾವು ಏಳೆಂಟು ಗಡ್ಡ ಬಂದ ಹುಡುಗರು ಅದನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ನೋಡಿ ಯಾರೂ ಯಾರ ಮುಖವನ್ನೂ ನೋಡದೆ ಕೂತಿದ್ದೆವು. ಅದಕ್ಕಿಂತ ಒಳ್ಳೆಯ ಮುಕ್ತಾಯ ಬೇಕಾ? ಒಂಬತ್ತು ವರ್ಷ ಬಿಟ್ಟು ನಾಲ್ಕನೆಯದು ಬಂತು. ಬಾನಿಗೆ ವುಡಿಯ ಮೇಲೆ ಆಸಕ್ತಿ ಹೋಗಿದೆ, ಅವನು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದಾನೆ ಅಂತ ಶುರು. ಸಿನಿಮಾ ಚೆನ್ನಾಗಿಯೇ ಇತ್ತು, ನೂರು ಕೋಟಿ ಡಾಲರನ್ನೂ ದಾಟಿತು. ಆದರೆ ಆ್ಯಂಡಿ ಗೊಂಬೆ ಕೊಟ್ಟ ದೃಶ್ಯವನ್ನು ಈಗ ನೋಡಿದರೆ ಮೊದಲಿನ ಹಾಗೆ ಗಂಟಲು ಕಟ್ಟುವುದಿಲ್ಲ. ಮುಂದೆ ಏನಾಗುತ್ತದೆ ಅಂತ ಗೊತ್ತಾಗಿಬಿಟ್ಟಿದೆಯಲ್ಲ.

ನಮ್ಮದೇ ಗೋವಿನ ಹಾಡನ್ನು ತೆಗೆದುಕೊಳ್ಳಿ. ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಕನ್ನಡಿಗ ಇಲ್ಲ. ಹಸು ಮಾತು ಉಳಿಸಿಕೊಂಡಿತು, ಹುಲಿ ಪ್ರಾಣ ಬಿಟ್ಟಿತು, ಮುಗಿಯಿತು. ಇದಕ್ಕೆ ಎರಡನೆಯ ಭಾಗ ಮಾಡಿ ಅಂತ ಒಬ್ಬ ನಿರ್ಮಾಪಕ ಬಂದ ಅಂತ ಇಟ್ಟುಕೊಳ್ಳಿ. ಸತ್ತ ಹುಲಿಗೆ ಒಂದು ಮರಿ ಇತ್ತು, ಅದು ದೊಡ್ಡದಾಗಿ ಸೇಡು ತೀರಿಸಲು ಕೊಟ್ಟಿಗೆಗೆ ಬರುತ್ತದೆ. ಇತ್ತ ಕರುವೂ ಬೆಳೆದು ಗೂಳಿಯಾಗಿದೆ. ಕ್ಲೈಮ್ಯಾಕ್ಸಿನಲ್ಲಿ ಗುದ್ದಾಟ! ನಗು ಬರುತ್ತದೆ ಅಲ್ವಾ? ಆದರೆ ದೊಡ್ಡ ದೊಡ್ಡ ಸೀಕ್ವೆಲ್‌ಗಳಲ್ಲಿ ಅರ್ಧಕ್ಕರ್ಧದ ಕಥೆ ಇದೇ, ಗ್ರಾಫಿಕ್ಸ್ ಚೆನ್ನಾಗಿರುವುದರಿಂದ ನಮಗೆ ನಗು ಬರುವುದಿಲ್ಲ ಅಷ್ಟೆ.

ಹಾಗಂತ ಮುಂದಿನ ಭಾಗ ಅಂದರೆಲ್ಲ ಕೆಟ್ಟದ್ದು ಅಂತ ತೀರ್ಪು ಕೊಟ್ಟು ಎದ್ದು ಹೋಗುವ ಹಾಗೂ ಇಲ್ಲ. ಕನ್ನಡದಲ್ಲೇ ಇದಕ್ಕೆ ಎರಡು ದೊಡ್ಡ ಉದಾಹರಣೆಗಳಿವೆ, ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲಿನವು.

ಕುಮಾರವ್ಯಾಸ ಭಾರತ ಬರೆದ. ಹದಿನೆಂಟು ಪರ್ವದಲ್ಲಿ ಹತ್ತನ್ನು ಮಾತ್ರ. ಗದಾಪರ್ವಕ್ಕೆ ಬಂದು ನಿಲ್ಲಿಸಿಬಿಟ್ಟ. ದುರ್ಯೋಧನ ಬಿದ್ದ ಮೇಲೆ ಅವನಿಗೆ ಹೇಳುವುದು ಉಳಿದಿರಲಿಲ್ಲವೋ ಏನೋ. ಆಮೇಲೆ ಕೃಷ್ಣದೇವರಾಯನ ಆಸ್ಥಾನದಲ್ಲಿ ತಿಮ್ಮಣ್ಣ ಕವಿ ಉಳಿದ ಎಂಟು ಪರ್ವಗಳನ್ನು ಬರೆದು ಪೂರ್ತಿ ಮಾಡಿದ. ಶ್ರದ್ಧೆಯ ಕೆಲಸವೇ. ಆದರೆ ಗಮಕಿಗಳು ಇವತ್ತೂ ಊರೂರಿನಲ್ಲಿ ಹಾಡುವುದು ಯಾರನ್ನು? ಕುಮಾರವ್ಯಾಸನನ್ನು. ತಿಮ್ಮಣ್ಣ ಕವಿಯ ಹೆಸರು ಕನ್ನಡ ಎಂ.ಎ. ಪರೀಕ್ಷೆಗೆ ಕೂತವರಿಗೆ ಗೊತ್ತು.

ಇನ್ನೊಂದು ಕಡೆ ಲಕ್ಷ್ಮೀಶನನ್ನು ನೋಡಿ. ಅವನ ಜೈಮಿನಿ ಭಾರತವೂ ಒಂದು ಮುಂದಿನ ಭಾಗವೇ. ಯುದ್ಧ ಮುಗಿದಿದೆ, ಧರ್ಮರಾಯನ ಪಟ್ಟಾಭಿಷೇಕ ಆಗಿದೆ, ಅಶ್ವಮೇಧದ ಕುದುರೆ ಹೊರಟಿದೆ. ಸಂಸ್ಕೃತದ ಜೈಮಿನಿಯಿಂದ ತಂದ ಕಥೆ ಹೌದು. ಆದರೆ ಕನ್ನಡದ ಮನೆಮನೆಗೆ ಹೋಯಿತು. ಏಕೆ? ಆ ಕುದುರೆ ಹೋದಲ್ಲೆಲ್ಲ ಹೊಸ ಜನ ಸಿಗುತ್ತಾರೆ. ಕೃಷ್ಣನ ಭಕ್ತನಾಗಿದ್ದೂ ಕೃಷ್ಣನ ಗೆಳೆಯನ ಮೇಲೆಯೇ ಯುದ್ಧಕ್ಕೆ ನಿಲ್ಲುವ ಸುಧನ್ವ. ಅಪ್ಪ ಯಾರು ಅಂತ ತಿಳಿದು ಕಾಲಿಗೆ ಬೀಳಲು ಬಂದ ಮಗನನ್ನೇ ಒದೆಯುವ ಅರ್ಜುನ, ಅದೇ ಮಗ ಬಭ್ರುವಾಹನನ ಬಾಣಕ್ಕೆ ಅರ್ಜುನನ ತಲೆ ಬೀಳುವುದು. ದಿಕ್ಕಿಲ್ಲದ ಹುಡುಗ ಚಂದ್ರಹಾಸ. ಕುರುಕ್ಷೇತ್ರದಲ್ಲಿ ಗೆದ್ದವನು ಗೆದ್ದ ಮೇಲೆ ಏನಾಗುತ್ತಾನೆ ಅನ್ನುವ ಪ್ರಶ್ನೆಯನ್ನು ಮೊದಲ ಕಥೆ ಕೇಳಿರಲಿಲ್ಲ, ಇದು ಕೇಳಿತು. ಯಕ್ಷಗಾನದಲ್ಲಿ ಸುಧನ್ವ, ಬಭ್ರುವಾಹನ, ಚಂದ್ರಹಾಸ ಮೂರೂ ಬೇರೆ ಬೇರೆ ಪ್ರಸಂಗಗಳಾಗಿ ನಿಂತವು. 1977ರಲ್ಲಿ ರಾಜ್‌ಕುಮಾರ್ ಬಭ್ರುವಾಹನ ಮಾಡಿದರು, ಅರ್ಜುನನೂ ಅವರೇ, ಮಗನೂ ಅವರೇ.

ನನ್ನ ಅಳತೆಗೋಲು ಇದರಲ್ಲೇ ಇದೆ. ತಿಮ್ಮಣ್ಣ ಮಾಡಿದ್ದು ಉಳಿದ ಕಥೆಯನ್ನು ತುಂಬಿಸುವ ಕೆಲಸ. ಲಕ್ಷ್ಮೀಶ ಮಾಡಿದ್ದು ಹೊಸ ಪ್ರಶ್ನೆ ಕೇಳುವ ಕೆಲಸ. ಯಾವ ಸೀಕ್ವೆಲ್ ಬಂದರೂ ಇದನ್ನು ಹಿಡಿದು ನೋಡಿ, ಲೆಕ್ಕ ಬೇಗ ಸಿಗುತ್ತದೆ. ಇನ್‌ಸೈಡ್ ಔಟ್ ಮೊದಲ ಭಾಗದಲ್ಲಿ ಹನ್ನೊಂದು ವರ್ಷದ ಹುಡುಗಿಯ ತಲೆಯೊಳಗೆ ಸಂತೋಷ, ದುಃಖ, ಕೋಪ, ಭಯ, ಹೇಸಿಗೆ ಇದ್ದವು. ಎರಡನೆಯದರಲ್ಲಿ ಅವಳಿಗೆ ಹದಿಮೂರು ಆಗಿ ಆತಂಕ ಅನ್ನುವ ಹೊಸ ಒಕ್ಕಲು ಬಂತು. ಪರೀಕ್ಷೆಯ ಮಾರ್ಕಿಗೆ ನಡುಗುವ ಮಕ್ಕಳಿರುವ ನಮ್ಮ ಮನೆಗಳಿಗೆ ಅದು ಬೇಕಾದ ಸಿನಿಮಾನೇ, ಲಕ್ಷ್ಮೀಶನ ಸಾಲಿಗೆ ಹಾಕಿ. ಮೊವಾನಾ ಎರಡನೆಯ ಭಾಗ ಹುಟ್ಟಿದ್ದು ಓಟಿಟಿಗೆ ಅಂತ ಶುರು ಮಾಡಿದ ಸೀರೀಸ್ ಆಗಿ, ಅದನ್ನು ನಡುವೆ ಸಿನಿಮಾ ಮಾಡಿ 2024ರ ನವೆಂಬರಿನಲ್ಲಿ ಥಿಯೇಟರಿಗೆ ಬಿಟ್ಟರು. ದುಡ್ಡು ಬಂತು, ನೂರು ಕೋಟಿ ಡಾಲರಿಗೂ ಮೇಲೆ. ನನ್ನ ಸೊಸೆಯ ತೀರ್ಪು ನಿಮಗೆ ಆಗಲೇ ಹೇಳಿದ್ದೇನೆ.

ನಮ್ಮ ದೇಶದಲ್ಲೂ ಈ ಪಾಠ ಒಮ್ಮೆ ಆಗಿದೆ. 2005ರಲ್ಲಿ ಹನುಮಾನ್ ಅಂತ ಅನಿಮೇಷನ್ ಸಿನಿಮಾ ಬಂತು, ನಿರ್ದೇಶಕ ವಿ.ಜಿ. ಸಾಮಂತ್. ನಾನು ಆಗ ಹೈಸ್ಕೂಲು. ಆಂಜನೇಯನನ್ನು ಕಾರ್ಟೂನಿನಲ್ಲಿ ನೋಡಿ ಕುಣಿದಿದ್ದೆವು. ಎರಡೇ ವರ್ಷಕ್ಕೆ ರಿಟರ್ನ್ ಆಫ್ ಹನುಮಾನ್, ಅದರ ನಿರ್ದೇಶಕ ಅನುರಾಗ್ ಕಶ್ಯಪ್. ಹನುಮಂತ ಈಗಿನ ಕಾಲದ ಹುಡುಗನಾಗಿ ಹುಟ್ಟಿ ಬರುವ ಕಥೆ. ಪ್ರಯತ್ನ ತಪ್ಪೇನಲ್ಲ. ಆದರೆ ಮೊದಲನೆಯದಕ್ಕೆ ಸಿಕ್ಕಿದ ಪ್ರೀತಿ ಅದಕ್ಕೆ ಸಿಗಲಿಲ್ಲ. ಒಂದು ಗೆದ್ದ ಕೂಡಲೇ ಎಲ್ಲರೂ ಪುರಾಣದ ಕಾರ್ಟೂನ್ ಮಾಡಲು ಹೊರಟರು, ಕೆಲವೇ ವರ್ಷದಲ್ಲಿ ಆ ಅಲೆ ಇಳಿಯಿತು. ದೊಡ್ಡ ತೆರೆಯ ಭಾರತೀಯ ಅನಿಮೇಷನ್ ಅಂದರೆ ಥಿಯೇಟರಿನವರು ಮುಖ ತಿರುಗಿಸುವ ಹಾಗೆ ಆಯಿತು. ಅಂಥ ಹೊಂಡದಿಂದ ಅದನ್ನು ಎತ್ತಿದ್ದು ಮಹಾವತಾರ ನರಸಿಂಹ.

ಹಾಗಾದರೆ ಹೊಂಬಾಳೆಯ ಆ ಏಳು ಸಿನಿಮಾದ ಪಟ್ಟಿ ತಿಮ್ಮಣ್ಣನ ಕಡೆಯದ್ದೋ, ಲಕ್ಷ್ಮೀಶನ ಕಡೆಯದ್ದೋ? ನನಗೆ ಅನಿಸುವುದು, ಅದು ಎರಡೂ ಅಲ್ಲ. ನರಸಿಂಹನ ಕಥೆ ಖಾಂಬದಿಂದ ಶುರುವಾಗಿ ಹೊಸ್ತಿಲಲ್ಲಿ ಮುಗಿದಾಗಿದೆ. ಪರಶುರಾಮನ ಕಥೆಗೆ ಅದರಿಂದ ಏನೂ ಬೇಕಾಗಿಲ್ಲ. ಒಬ್ಬ ಅವತಾರಪುರುಷ ಬಂದು ಇನ್ನೊಬ್ಬನ ಮುಕ್ತಾಯವನ್ನು ಕೆಡಿಸುವುದಿಲ್ಲ. ಪ್ರತಿಯೊಂದೂ ಒಂದನೆಯ ಭಾಗವೇ. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಮಗುವಿನ ತಲೆಯಲ್ಲಿ ಗೊಂಬೆ ಕೂರಿಸಲು ಅಮೆರಿಕದವರು ಮೊದಲು ಒಂದು ಸಿನಿಮಾ ಗೆಲ್ಲಿಸಬೇಕು. ಪ್ರಹ್ಲಾದನನ್ನು ನಮ್ಮ ತಲೆಯಲ್ಲಿ ಕೂರಿಸಿದ್ದು ಅಜ್ಜಿ, ಆಮೇಲೆ ಆಟ, ಆಮೇಲೆ 1983ರ ಭಕ್ತ ಪ್ರಹ್ಲಾದ ಸಿನಿಮಾ. ಅದರಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಆ ಜಾಹೀರಾತಿನ ಬಿಲ್ಲು ಕಂಪನಿಗೆ ಬರಲೇ ಇಲ್ಲ. ಚೀನಾದವರಿಗೆ ಈ ಗುಟ್ಟು ಗೊತ್ತಿದೆ. ಅವರ ಹಳೆಯ ಪುರಾಣದ ಹುಡುಗ ನ್ಯಝಾನನ್ನು 2019ರಲ್ಲಿ ಸಿನಿಮಾ ಮಾಡಿದರು, ಆರು ವರ್ಷ ಸಮಯ ಕೊಟ್ಟು 2025ರಲ್ಲಿ ಎರಡನೆಯದನ್ನು ತಂದರು. 200 ಕೋಟಿ ಡಾಲರ್ ದಾಟಿತು, ಬಹುಪಾಲು ಅವರ ದೇಶದೊಳಗೇ.

ಆರು ವರ್ಷ ಅಂದದ್ದನ್ನು ಗಮನಿಸಿ. ನನಗೆ ಆ ಪಟ್ಟಿಯಲ್ಲಿ ಹೆದರಿಕೆ ಆಗುವುದು ಇಸವಿಗಳನ್ನು ನೋಡಿ. ಕಥೆ ಸಿದ್ಧವಾಗುವ ಮೊದಲೇ ದಿನಾಂಕ ಸಿದ್ಧವಾಗಿದೆ. ಅನಿಮೇಷನ್‌ನಲ್ಲಿ ಡೆಡ್‌ಲೈನ್ ಹತ್ತಿರ ಬಂದರೆ ಮೊದಲು ಏಟು ಬೀಳುವುದು ಯಾರಿಗೆ? ರಾತ್ರಿ ಎರಡು ಗಂಟೆಗೆ ಪರದೆ ಮುಂದೆ ಕೂತು ಬಟ್ಟೆಯ ಮಡಿಕೆ ಸರಿಮಾಡುವ ಹುಡುಗನಿಗೆ.

ಆ ಹುಡುಗನ ವಿಷಯ ಹೇಳಲೇಬೇಕು. ಸೀಕ್ವೆಲ್ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಅವನೇ. ಹಾಲಿವುಡ್ಡಿನ ಎಷ್ಟೋ ಮುಂದಿನ ಭಾಗಗಳಲ್ಲಿ ಬೆಂಗಳೂರಿನ ಬೆವರಿದೆ. ಡ್ರೀಮ್‌ವರ್ಕ್ಸ್ ಕಂಪನಿಗಾಗಿಯೇ ಬೆಂಗಳೂರಿನ ಟೆಕ್ನಿಕಲರ್‌ನಲ್ಲಿ ಒಂದು ವಿಭಾಗ ಇತ್ತು. ಶ್ರೆಕ್‌ನಿಂದ ಕವಲೊಡೆದ ಪುಸ್ ಇನ್ ಬೂಟ್ಸ್, ಮಡಗಾಸ್ಕರ್‌ನ ಮೂರನೆಯ ಭಾಗ, ಇವುಗಳಿಗೆ ಅಲ್ಲಿಯವರು ಕೆಲಸ ಮಾಡಿದರು. 1994ರ ಲಯನ್ ಕಿಂಗ್ ಗೊತ್ತಲ್ಲ, ಅದನ್ನು 2019ರಲ್ಲಿ ನಿಜವಾದ ಸಿಂಹಗಳ ಹಾಗೆ ಕಾಣುವಂತೆ ಹೊಸದಾಗಿ ಮಾಡಿದಾಗ, 2024ರ ಡಿಸೆಂಬರಿನಲ್ಲಿ ಅದರ ಹಿಂದಿನ ಕಥೆಯಾಗಿ ಮುಫಾಸಾ ಬಂದಾಗ, ಅದೇ ಟೆಕ್ನಿಕಲರ್ ಬಳಗದ ಎಂಪಿಸಿ ಸ್ಟುಡಿಯೋದ ಬೆಂಗಳೂರು ಕಲಾವಿದರ ಕೈ ಅದರಲ್ಲಿತ್ತು. ದೇಶದಲ್ಲೇ ಮೊದಲು ಅನಿಮೇಷನ್ ಮತ್ತು ಗೇಮಿಂಗಿಗೆ ಒಂದು ನೀತಿ ಮಾಡಿದ ರಾಜ್ಯ ಕರ್ನಾಟಕ, 2012ರಲ್ಲಿ. ನಮ್ಮ ಉಡುಪಿಯಲ್ಲೇ 99ಗೇಮ್ಸ್‌ನವರು ಸ್ಟಾರ್ ಶೆಫ್ ಅಂತ ಗೇಮ್ ಮಾಡಿ ಗೆದ್ದು ಅದರ ಎರಡನೆಯದನ್ನೂ ಮಾಡಿದರು. ಅಂದರೆ ಮುಂದಿನ ಭಾಗ ಇಲ್ಲಿ ಅನ್ನ ಹಾಕಿದೆ. ಸೀಕ್ವೆಲ್ ಬೇಡ ಅಂತ ಸುಲಭಕ್ಕೆ ಹೇಳುವವರು ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುವ ಒಬ್ಬ ಅನಿಮೇಟರ್ ಮುಂದೆ ನಿಂತು ಹೇಳಲಿ.

ಆದರೆ ಮುಂದೆ ಏನಾಯ್ತು? ಮುಫಾಸಾ ತೆರೆಗೆ ಬಂದದ್ದು ಡಿಸೆಂಬರ್ 20ಕ್ಕೆ. 2025ರ ಫೆಬ್ರವರಿ ಮುಗಿಯುವಷ್ಟರಲ್ಲಿ ಟೆಕ್ನಿಕಲರ್ ಬಳಗ ಜಗತ್ತಿನಾದ್ಯಂತ ಕುಸಿದು, ಭಾರತದ ಕಚೇರಿಗಳೂ ಬಾಗಿಲು ಹಾಕಿದವು. ಬೆಂಗಳೂರು, ಮುಂಬೈ ಸೇರಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು ಎಂದು ಆಗ ವರದಿಯಾಗಿತ್ತು. ಬೇರೆಯವರ ಸಿಂಹಕ್ಕೆ ಕೂದಲು ಜೋಡಿಸಿದವರಿಗೆ ಆ ಸಿಂಹದ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಬ್ಯಾಗು, ಬಾಟಲು, ಮುಂದಿನ ಭಾಗ ಎಲ್ಲದರ ಒಡೆತನ ಅಲ್ಲಿ. ಇಲ್ಲಿ ಗಂಟೆಗಿಷ್ಟು ಅಂತ ಕೂಲಿ.

ಇನ್ನೂ ಒಂದು ಮಾತು ನನಗೆ ಚುಚ್ಚುತ್ತದೆ. ಮುಫಾಸಾ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಬೆಂಗಳೂರಿನಲ್ಲಿ ಕೂತು ಮಾಡಿದ ಕೆಲಸ, ಕನ್ನಡದಲ್ಲಿ ಇಲ್ಲ! ಫ್ರೋಜನ್ ಎರಡನೆಯ ಭಾಗವೂ ಹಾಗೇ. ತಪ್ಪು ಅಮೆರಿಕದವರದ್ದು ಮಾತ್ರ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ಬಾಗಿಲು ಹಾಕಿಕೊಂಡು ಕೂತವರು ನಾವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕಿದ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. ದೊಡ್ಡವರ ಸಿನಿಮಾದಲ್ಲಿ ನಮ್ಮ ನಟರ ಅನ್ನದ ಪ್ರಶ್ನೆ ಇತ್ತು, ಒಪ್ಪೋಣ. ಆದರೆ ಮಾತಾಡುವ ಮೀನಿಗೂ ಇಲಿಗೂ ಯಾವ ಕನ್ನಡ ನಟನ ಅವಕಾಶ ಹೋಗುತ್ತಿತ್ತು? ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಕಾರ್ಟೂನನ್ನು ಹಿಂದಿಯಲ್ಲಿ ನೋಡಿದರು, ಈಗಿನವರು ಇಂಗ್ಲಿಷಿನಲ್ಲಿ ನೋಡುತ್ತಿದ್ದಾರೆ. ನನ್ನ ಸೊಸೆ ಮೊವಾನಾ ಜೊತೆ ಸೇರಿ ಇಂಗ್ಲಿಷಿನಲ್ಲಿ ಹಾಡುತ್ತಾಳೆ, ಪಕ್ಕದಲ್ಲಿ ಕೂತ ಅಜ್ಜಿಗೆ ಏನೂ ಅರ್ಥ ಆಗುವುದಿಲ್ಲ. ಅಜ್ಜಿ ಮೊಮ್ಮಗಳು ಒಟ್ಟಿಗೆ ನಗುವ ಒಂದು ಸಿನಿಮಾ ಆ ಮನೆಯಲ್ಲಿ ಇಲ್ಲ.

ಮೇಲೆ ಹೇಳಿದ ಪುಣ್ಯಕೋಟಿ ನಿಜಕ್ಕೂ ಅನಿಮೇಷನ್ ಸಿನಿಮಾ ಆಗಿದೆ, ಗೊತ್ತಾ? ಬೆಂಗಳೂರಿನ ರವಿಶಂಕರ್ ಅವರು ಜನರಿಂದ ಹಣ ಕೂಡಿಸಿ ಮಾಡಿದ್ದು, ಇಳಯರಾಜ ಸಂಗೀತ, 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಭಾಷೆ ಸಂಸ್ಕೃತ. ಅವರ ಸಾಹಸಕ್ಕೆ ಕೈಮುಗಿಯುತ್ತೇನೆ. ಆದರೆ ಕನ್ನಡದ ಹಸು ಕನ್ನಡದಲ್ಲಿ ಮಾತಾಡಲು ಇನ್ನೂ ಕಾಯುತ್ತಿದೆ. ಮಹಾವತಾರ ನರಸಿಂಹ ಕನ್ನಡದಲ್ಲಿಯೂ ಬಂತು, ಸಂತೋಷ. ಗಳಿಕೆಯ ಸಿಂಹಪಾಲು ಹಿಂದಿಯದ್ದು. ಮುಂದಿನ ಆರು ಸಿನಿಮಾದ ಮಾತುಗಳನ್ನು ಮೊದಲು ಯಾವ ಭಾಷೆಯಲ್ಲಿ ಬರೆಯುತ್ತಾರೆ ಅನ್ನುವುದನ್ನು ಆ ಲೆಕ್ಕವೇ ತೀರ್ಮಾನ ಮಾಡುತ್ತದೆ.

ಹಾಗಾಗಿ ಪ್ರೀತಿಯ ಅನಿಮೇಷನ್ ಸಿನಿಮಾಗಳಿಗೆ ಇನ್ನಷ್ಟು ಮುಂದಿನ ಭಾಗ ಬೇಕಾ ಅಂತ ನನ್ನನ್ನು ಕೇಳಿದರೆ, ಸಿನಿಮಾಕ್ಕೆ ಬೇಡ, ಕಂಪನಿಗೆ ಬೇಕು ಅಂತ ಹೇಳುತ್ತೇನೆ. ಕನ್ನಡಕ್ಕೆ ಬೇಕಾಗಿರುವುದು ಒಂದನೆಯ ಭಾಗ. ಇಲ್ಲಿಯ ಕೈಗಳು ಮಾಡಿದ್ದು, ಇಲ್ಲಿಯವರ ಒಡೆತನದ್ದು, ಇಲ್ಲಿಯ ಮಾತಿನಲ್ಲಿ ಹುಟ್ಟಿದ್ದು.

2027ಕ್ಕೆ ಪರಶುರಾಮ ಅಂತ ಇದೆಯಲ್ಲ, ಅದಕ್ಕೆ ನಾನು ಕಾಯುತ್ತಿದ್ದೇನೆ. ನಮ್ಮ ಕರಾವಳಿಯೇ ಅವನು ಕೊಡಲಿ ಎಸೆದು ಸಮುದ್ರದಿಂದ ಪಡೆದ ನೆಲ ಅಂತ ಹೇಳುತ್ತಾರೆ. (ಕಾರ್ಕಳದ ಬೈಲೂರಿನ ಬೆಟ್ಟದ ಮೇಲಿನ ಪರಶುರಾಮನ ಮೂರ್ತಿಯ ವಿವಾದದ ಬಗ್ಗೆ ಸ್ಟುಡಿಯೋದಲ್ಲಿ ಸಾಕಷ್ಟು ಗಂಟಲು ಒಣಗಿಸಿಕೊಂಡಿದ್ದೇವೆ, ಇಲ್ಲಿ ಬೇಡ.) ನನಗೆ ಕುತೂಹಲ ಇರುವುದು ಬೇರೆ ದೃಶ್ಯದ ಬಗ್ಗೆ. ಅಪ್ಪ ಹೇಳಿದ ಅಂತ ಮಗ ತಾಯಿಯ ತಲೆ ಕಡಿಯುವ ಕಥೆ ಅದು. ಜಮದಗ್ನಿ ವರ ಕೊಟ್ಟು ಅವಳನ್ನು ಬದುಕಿಸಿದ, ಸರಿ. ನರಸಿಂಹನ ಉಗುರಿಗೆ ಚಪ್ಪಾಳೆ ತಟ್ಟಿದ ಮಕ್ಕಳೇ ಈ ಸಿನಿಮಾಕ್ಕೂ ಬರುತ್ತಾರೆ, ಅಮ್ಮನ ಪಕ್ಕದಲ್ಲೇ ಕೂರುತ್ತಾರೆ. ಆ ಕೊಡಲಿ ಏಳುವಾಗ ಅವರು ಅಮ್ಮನ ಕಡೆ ತಿರುಗಿ ಏನು ಕೇಳುತ್ತಾರೆ, ಅದಕ್ಕೆ ಆ ಸಿನಿಮಾ ಏನು ಉತ್ತರ ಇಟ್ಟುಕೊಂಡಿರುತ್ತದೆ? ಅದನ್ನು ಬರೆಯಲು ಎರಡು ವರ್ಷ ಸಾಲದಿದ್ದರೆ ಮೂರು ತೆಗೆದುಕೊಳ್ಳಲಿ. ಪೋಸ್ಟರಿನ ಇಸವಿ ತಿದ್ದುವುದು ಫೋಟೋಶಾಪಿನಲ್ಲಿ ಐದು ನಿಮಿಷದ ಕೆಲಸ.